ಈಜುಕೊಳದ ಬಳಿ ಮಕ್ಕಳು: ಹರಿದಾಡುತ್ತಿರುವ ಸಂದೇಶಕ್ಕೆ ಸ್ಪಷ್ಟನೆ

‘ಮಗು ಕೊಳಕ್ಕೆ ಬಿದ್ದರೆ ಕೂಗಿಕೊಳ್ಳುತ್ತದೆ, ತೋಳಿಗೆ ಗಾಳಿಪಟ್ಟಿ (ಗಾಳಿ ತುಂಬಿದ, ತೇಲುವ ತೋಳುಪಟ್ಟಿ) ತೊಡಿಸಿದ್ದರೆ ಭಯವಿಲ್ಲ’ ಎಂಬ ಸಂದೇಶವೊಂದು ಕೊಡಗಿನ ಹೋಂಸ್ಟೇ, ತೋಟದ ಮನೆಗಳವರ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದ್ದು, ಅದರ ಎರಡೂ ಮಾತು ತಪ್ಪು. ಮುಳುಗುತ್ತಿರುವ ಮಗುವಿಗೆ ಉಸಿರೆಳೆಯುವುದೇ ಕಷ್ಟವಾಗಿರುವುದರಿಂದ ಕೂಗಲು ಸಾಧ್ಯವಾಗುವುದಿಲ್ಲ. ಬಾಯಿ ನೀರಿನ ಮಟ್ಟದಲ್ಲೇ ಮುಳುಗಿ ಏಳುತ್ತಿರುತ್ತದೆ, ಕೈಗಳು ಬೀಸುವುದಿಲ್ಲ, ನೀರನ್ನು ಕೆಳಕ್ಕೆ ಒತ್ತುತ್ತಿರುತ್ತವೆ. ಹೆಂಚಿನ ಮೇಲೆ ಮಳೆ ಸುರಿಯುವಾಗಲಂತೂ ಅಡುಗೆಮನೆಯಲ್ಲಿದ್ದವರಿಗೆ ಏನೂ ಕೇಳಿಸದು. ಗಾಳಿಪಟ್ಟಿ ಆಟಿಕೆಯಷ್ಟೇ, ಜಾರಿಬಿಡುತ್ತದೆ. ಮನೆಯ ಬಾಗಿಲಿನಿಂದಲೂ ಕೊಳವನ್ನು ಬೇರ್ಪಡಿಸುವಂತೆ ನಾಲ್ಕೂ ಕಡೆ ಕನಿಷ್ಠ 4 ಅಡಿ ಎತ್ತರದ ಬೇಲಿ, ತಾನಾಗಿಯೇ ಮುಚ್ಚಿ ಚಿಲಕ ಬೀಳುವ ಗೇಟು, ಜೊತೆಗೆ ಪುಟ್ಟ ಮಕ್ಕಳು ನೀರಿನಲ್ಲಿರುವಷ್ಟು ಹೊತ್ತೂ ಮೊಬೈಲ್ ಬದಿಗಿಟ್ಟು ಕೈಗೆಟಕುವ ದೂರದಲ್ಲಿರುವ ಹಿರಿಯರೊಬ್ಬರು ಬೇಕು. ಕಾಫಿ ಹೂವಿಗೆ ನೀರು ಹಾಯಿಸಲು ತೋಡಿದ ಕೆರೆಗೂ (ಅದಕ್ಕೆ ಬೇಲಿ ಹಾಕುವವರು ಎಷ್ಟು ಮಂದಿ?) ಇದು ಅನ್ವಯಿಸುತ್ತದೆ.