ಶಾಲು ಸಾಕು, ಸಂಭಾವನೆ ಕೊಡಿ

ಗಣೇಶನ ಹಬ್ಬ ಹತ್ತಿರವಾಗುತ್ತಿದೆ. ಚಿಂತಾಮಣಿ, ಶಿಡ್ಲಘಟ್ಟದ ಸುತ್ತಮುತ್ತಲ ಸಮಿತಿಗಳವರು ಹಾಡುವವರನ್ನು ಹುಡುಕಿಕೊಂಡು ಬರುವ ಕಾಲ. ಬಂದವರು ದಿನಾಂಕ ಹೇಳುತ್ತಾರೆ, ಯಾವ ಯಾವ ಹಾಡು ಬೇಕೆಂದೂ ಹೇಳುತ್ತಾರೆ. ಹಣದ ಮಾತು ಬಂದ ಕೂಡಲೇ ದನಿ ತಗ್ಗಿಸಿ, "ನಿಮಗೇನು ಸಾರ್, ಎಲ್ಲರೂ ಒಂದೊಂದು ಕೆಲಸದಲ್ಲಿದ್ದೀರಿ, ದೇವರ ಸೇವೆ ಅಂದುಕೊಳ್ಳಿ" ಎನ್ನುತ್ತಾರೆ. ಶಾಮಿಯಾನದವರಿಗೆ, ಧ್ವನಿವರ್ಧಕದವರಿಗೆ, ಜನರೇಟರ್‌ನವರಿಗೆ, ಫ್ಲೆಕ್ಸ್ ಮುದ್ರಿಸಿದವರಿಗೆ ಯಾರೂ ಸೇವೆಯ ಮಾತು ಆಡುವುದಿಲ್ಲ. ಅವರಿಗೆಲ್ಲ ಮುಂಗಡ ಹೋಗಿರುತ್ತದೆ. ಹಾಡುವವರಿಗೆ ಮಾತ್ರ ಶಾಲು, ಹಾರ, ಹಣ್ಣಿನ ಬುಟ್ಟಿ.

ಈ "ಎಲ್ಲರೂ ಕೆಲಸದಲ್ಲಿದ್ದೀರಿ" ಎಂಬ ಮಾತಿಗೇ ನನ್ನ ತಕರಾರು. ನಮ್ಮ ತಂಡದಲ್ಲಿ ಯಾರು ಯಾರು ಏನೇನು ಕೆಲಸ ಮಾಡುತ್ತಾರೆಂದು ಕೇಳಿದವರು ಆ ಮಾತನ್ನು ಇನ್ನೊಮ್ಮೆ ಆಡಲಾರರು.

ನಾನು ಪದವಿಪೂರ್ವ ಕಾಲೇಜಿನಲ್ಲಿ ಲೆಕ್ಕಶಾಸ್ತ್ರ ಕಲಿಸುತ್ತೇನೆ, ಸಂಜೆ ಹಾರ್ಮೋನಿಯಂ ಹಿಡಿಯುತ್ತೇನೆ. ಕೀಬೋರ್ಡ್ ನುಡಿಸುವ ಹುಡುಗ ನರಸಾಪುರದ ಕಾರ್ಖಾನೆಯೊಂದರಲ್ಲಿ ಪಾಳಿಯ ಮೇಲೆ ದುಡಿಯುತ್ತಾನೆ. ತಿಂಗಳ ಸಂಬಳ ಕಾಣುವವರು ನಾವಿಬ್ಬರೇ. ತತ್ವಪದ ಹಾಡುವ ಅಕ್ಕ ಆಶಾ ಕಾರ್ಯಕರ್ತೆ. ಅವರಿಗೆ ಬರುವುದು ಗೌರವಧನ, ಪ್ರೋತ್ಸಾಹಧನ. ಅದಕ್ಕೆ ಸಂಬಳ ಎಂಬ ಹೆಸರೂ ಇಲ್ಲ. ಅಭ್ಯಾಸದ ನಡುವೆ ಹೆರಿಗೆಯ ಕರೆ ಬಂದರೆ ಪದವನ್ನು ಅರ್ಧಕ್ಕೇ ಬಿಟ್ಟು ಏಳುತ್ತಾರೆ. ತಮಟೆಯ ಅಣ್ಣತಮ್ಮಂದಿರು ಕೂಲಿಗೆ ಹೋಗುವವರು. ಹನಿ ನೀರಾವರಿಯ ಪೈಪು ಎಳೆಯುವುದರಿಂದ ದ್ರಾಕ್ಷಿ ಚಪ್ಪರ ಕಟ್ಟುವವರೆಗೆ ಸಿಕ್ಕಿದ ಕೆಲಸ ಮಾಡುತ್ತಾರೆ.

ತಬಲಾದವನದು ಶಿಡ್ಲಘಟ್ಟದಲ್ಲಿ ರೇಷ್ಮೆ ಬಿಚ್ಚಾಣಿಕೆ. ಅವನ ಕೈಗಳನ್ನು ಸಮಿತಿಯವರು ಒಮ್ಮೆ ಹತ್ತಿರದಿಂದ ನೋಡಬೇಕು. ಗೂಡು ಬಿಸಿನೀರಿನಲ್ಲಿ ಬೆಂದು ಅಂಟು ಸಡಿಲವಾದ ಮೇಲೆ ಬೆರಳಿನಿಂದಲೇ ಎಳೆಯ ತುದಿ ಹುಡುಕಿ, ಹಲವು ಗೂಡುಗಳ ಎಳೆ ಕೂಡಿಸಿ ರಾಟೆಗೆ ಹತ್ತಿಸಬೇಕು. ಬೆಳಗಿನಿಂದ ಇದನ್ನೇ ಮಾಡಿದ ಬೆರಳ ತುದಿಗಳು ಸಂಜೆಗೆ ಬಿಳಿಚಿಕೊಂಡು ಸುಕ್ಕುಗಟ್ಟಿರುತ್ತವೆ. ತಬಲಾದ ಕರಣೆಗೆ, ಅಂದರೆ ನಡುವಿನ ಕಪ್ಪು ವೃತ್ತಕ್ಕೆ, ತೇವ ಆಗದು. ಹಾಗಾಗಿ ಆತ ಬಂದ ತಕ್ಷಣ ನುಡಿಸುವುದಿಲ್ಲ. ಟವೆಲಿನಲ್ಲಿ ಒಂದೊಂದೇ ಬೆರಳನ್ನು ಒತ್ತಿ ಒರೆಸಿ, ಪೌಡರ್ ಹಚ್ಚಿ, ಕೈಯನ್ನು ಗಾಳಿಗೆ ಹಿಡಿದು ಕೂರುತ್ತಾನೆ. ಮೆತ್ತಗಾದ ತೋರುಬೆರಳಿಗೆ ಅಂಚಿನ ಮೇಲಿನ "ನಾ" ಮೊದಮೊದಲು ದಕ್ಕುವುದಿಲ್ಲ, ಠಣ್ಣೆನ್ನುವ ಬದಲು ಮಂದವಾಗಿ ಬೀಳುತ್ತದೆ. ಬೆರಳು ಗಟ್ಟಿಯಾಗುವವರೆಗೆ ಎಡಗೈಯ ಡಗ್ಗದ ಮೇಲೆಯೇ ಲಯ ಹಿಡಿದಿರುತ್ತಾನೆ. ಆಮೇಲೆ ಕೇಳಬೇಕು ಅವನ ಕೆಹರವಾ ತಾಳ! ಕಾರ್ಯಕ್ರಮದ ದಿನ ಅವನು ಬೇಗ ಬರಬೇಕೆಂದರೆ ಒಲೆಯ ಬೆಂಕಿ ಬೇಗ ಆರಿಸಬೇಕು, ಅಂದರೆ ಅಂದಿನ ನೂಲು ಕಡಿಮೆ. ಈ ನಷ್ಟ ಯಾರ ಲೆಕ್ಕದಲ್ಲೂ ಬರುವುದಿಲ್ಲ.

ನಮ್ಮ ಮುಖ್ಯ ಗಾಯಕ ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಹರಾಜು ಕೂಗುತ್ತಾನೆ. ಹದಿನೈದು ಕೆಜಿಯ ಬಾಕ್ಸುಗಳ ಸಾಲುಗಳ ನಡುವೆ ಬೆಲೆ ಏರಿಸುತ್ತಾ ನಡೆಯುವ ಆ ಗಂಟಲೇ ಸಂಜೆ ಭಾವಗೀತೆಗೆ ಇಳಿಯಬೇಕು. ಜೂನ್, ಜುಲೈನಲ್ಲಿ ಮಾಲು ಏರುವ ಹೊತ್ತಿಗೆ ಅವನ ಮೇಲಿನ ಷಡ್ಜ ಒಡೆಯುತ್ತದೆ. ಆ ಎರಡು ತಿಂಗಳು ನಾವು ಅವನನ್ನು ಹಾಡಿಸುವುದಿಲ್ಲ. ಅದು ತಂಡದ ಕಟ್ಟುನಿಟ್ಟು.

ಈಗ ನನ್ನಂಥ ಸಂಬಳದಾರರಿಗೆ ಒಂದು ಮಾತು. ಸಮಿತಿಯವರ ಎದುರು ಮೊದಲು ಬಾಯಿ ಬಿಡುವವರು ನಾವೇ. ಮೇಷ್ಟರೋ ಬ್ಯಾಂಕಿನವರೋ ದೊಡ್ಡ ಮನಸ್ಸು ಮಾಡಿ "ದುಡ್ಡೇನೂ ಬೇಡ ಬಿಡಿ, ಕಲೆಗಾಗಿ ಬರುತ್ತೇವೆ" ಎಂದುಬಿಟ್ಟರೆ, ಪಕ್ಕದಲ್ಲಿ ನಿಂತ ತಮಟೆಯವನು ಮತ್ತೆ ಬಾಯಿ ತೆರೆಯುವುದು ಹೇಗೆ? ನಮಗೆ ಹೋಗುವುದು ಒಂದು ಸಾಂದರ್ಭಿಕ ರಜೆ, ಅವನಿಗೆ ಹೋಗುವುದು ಒಂದು ದಿನದ ಕೂಲಿ. ನಮ್ಮ ಔದಾರ್ಯದ ಖರ್ಚನ್ನು ಅವನ ಮನೆ ಹೊರುತ್ತದೆ. ವಾದ್ಯಗೋಷ್ಠಿ, ನಾಗಸ್ವರ, ಬ್ಯಾಂಡ್‌ಸೆಟ್ಟನ್ನೇ ನಂಬಿ ಬದುಕುವವರ ಪಾಡು ಇನ್ನೂ ಕಷ್ಟ. "ಪಕ್ಕದೂರಿನ ಮೇಷ್ಟರ ತಂಡ ಬಿಟ್ಟಿಯಾಗಿ ಬರುತ್ತದೆ" ಎಂದು ಹೇಳಿಯೇ ಅವರ ದರ ಇಳಿಸುತ್ತಾರೆ. ಬಿಟ್ಟಿಯಾಗಿ ಹಾಡುವುದು ದೊಡ್ಡತನ ಎಂದು ನಾನು ಒಪ್ಪುವುದಿಲ್ಲ. ಕೈಗೆ ಬಂದ ಹಣವನ್ನು ಬೇಕಾದರೆ ಹುಂಡಿಗೆ ಹಾಕಿ, ಆದರೆ ಮೊದಲು ಪಡೆದುಕೊಳ್ಳಿ.

ನಮ್ಮ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು. ತಮಟೆಗೆ ಬಂದ ಗೌರವ ಅದು, ನಮಗೆಲ್ಲ ಹೆಮ್ಮೆ. ಅದೇ ಜಿಲ್ಲೆಯಲ್ಲಿ ತಮಟೆಯವರೊಡನೆ ಇಂದಿಗೂ ಚೌಕಾಸಿ ನಡೆಯುತ್ತದೆ, ಊಟ ಹಾಕಿದ್ದೇವಲ್ಲ ಎಂದು ಒಪ್ಪಿದ ಹಣದಲ್ಲೂ ಮುರಿದುಕೊಳ್ಳುತ್ತಾರೆ. ಇದು ನನಗೆ ಸಹಿಸಲಾಗದ ವಿಷಯ.

"ಅಷ್ಟು ಕಷ್ಟವಿದ್ದರೆ ಕೆಲಸ ಬಿಟ್ಟು ಪೂರ್ತಿ ಸಂಗೀತಕ್ಕೇ ಇಳಿಯಿರಿ" ಎನ್ನುವವರೂ ಇದ್ದಾರೆ. ಕೆಲಸದ ಮೇಲೆ ನಮಗೆ ಮುನಿಸಿಲ್ಲ. ತತ್ವಪದಗಳನ್ನು ರಚಿಸಿದ ಕೈವಾರದ ತಾತಯ್ಯನವರು ಬಳೆ ಮಾರುತ್ತಿದ್ದವರು. ಬಳೆಯ ಮಲಾರ ಹೊತ್ತು ಊರೂರು ತಿರುಗುವವರ ಕಸುಬಿನಿಂದ ಬಂದವರ ಪದಗಳನ್ನು ಇವತ್ತಿಗೂ ಗುರುಪೂರ್ಣಿಮೆಯ ಹೊತ್ತಿಗೆ ಕೈವಾರದಲ್ಲಿ ಸೇರುವ ಜನ ತೆಲುಗಿನಲ್ಲೂ ಕನ್ನಡದಲ್ಲೂ ಹಾಡುತ್ತಾರೆ. ಭಾವಗೀತೆಗಳನ್ನು ಮನೆಮನೆಗೆ ಮುಟ್ಟಿಸಿದ ಸಿ. ಅಶ್ವತ್ಥ್ ವರ್ಷಗಟ್ಟಲೆ ಬೆಂಗಳೂರಿನ ಐಟಿಐ ದೂರವಾಣಿ ಕಾರ್ಖಾನೆಯ ನೌಕರರಾಗಿದ್ದರು. ಅಡುಗೆಮನೆ ಬೇರೆ ಕಡೆಯಿಂದ ನಡೆಯುವುದರಿಂದಲೇ ನಮಗೆ ಬೇಡದ ಹಾಡನ್ನು ಬೇಡ ಎನ್ನುವ ಧೈರ್ಯವಿದೆ. ಅಕ್ಕ ಹಾಡುವ ತತ್ವಪದವನ್ನು ತೆಗೆದು ಕುಣಿತದ ಹಾಡು ಹಾಕಿ ಎಂದವರಿಗೆ ಆಗುವುದಿಲ್ಲ ಎಂದು ನೇರವಾಗಿ ಹೇಳಿದ್ದೇವೆ. ಆ ಸ್ವಾತಂತ್ರ್ಯವನ್ನು ನಾವು ಬಿಟ್ಟುಕೊಡುವುದಿಲ್ಲ. ಆದರೆ ರೇಷ್ಮೆಯ ದುಡ್ಡು ರೇಷ್ಮೆಗೆ, ಹಾಡಿನ ದುಡ್ಡು ಹಾಡಿಗೆ. ತಬಲಾಕ್ಕೆ ಹೊಸ ಮುಚ್ಚಿಗೆ ಹಾಕಿಸುವುದು, ಹಾರ್ಮೋನಿಯಂ ಶ್ರುತಿ ಮಾಡಿಸುವುದು, ರಾತ್ರಿ ಬಸ್ ಇಲ್ಲದ ಊರಿನಿಂದ ಗಾಡಿ ಮಾಡಿಕೊಂಡು ಬರುವುದು, ಇವೆಲ್ಲ ಮಕ್ಕಳ ಶಾಲೆಯ ಶುಲ್ಕದಿಂದ ಕತ್ತರಿಸಿ ಆಗಬೇಕೇ?

ಈ ಸಲ ನಾವು ತೀರ್ಮಾನಿಸಿದ್ದು ಇಷ್ಟು. ದಿನಾಂಕಕ್ಕೆ ಮೊದಲು ಮೊತ್ತ ಹೇಳುತ್ತೇವೆ. ಬಂದದ್ದರಲ್ಲಿ ಎಲ್ಲರಿಗೂ ಸಮಪಾಲು, ಕೂಲಿ ಬಿಟ್ಟು ಬಂದವರಿಗೆ ಆ ದಿನದ ಕೂಲಿ ಬೇರೆಯಾಗಿ, ಅದೂ ವೇದಿಕೆ ಹತ್ತುವ ಮುಂಚೆ. ಇದನ್ನು ಕೇಳಿ ಒಂದು ಸಮಿತಿಯವರು ಬೇರೆ ತಂಡ ನೋಡಿಕೊಳ್ಳುತ್ತೇವೆಂದು ಎದ್ದು ಹೋದರು. ಇನ್ನೊಂದು ಹಳ್ಳಿಯವರು ಕೂತು ಮಾತಾಡಿ ಒಪ್ಪಿ, ಮುಂಗಡವನ್ನೂ ತಮಟೆಯ ಅಣ್ಣನ ಕೈಗೇ ಕೊಟ್ಟು ಹೋದರು.

ಗೌರಿಬಿದನೂರು, ಬಾಗೇಪಲ್ಲಿ, ಮುಳಬಾಗಿಲು, ಶ್ರೀನಿವಾಸಪುರದ ಕಡೆಯ ತಂಡದವರು ಒಂದು ಕಾರ್ಯಕ್ರಮಕ್ಕೆ ಎಷ್ಟು ಕೇಳುತ್ತಿದ್ದೀರಿ ಎಂದು ದಯವಿಟ್ಟು ತಿಳಿಸಿ. ನಾವು ತಿಳಿಯದೆ ಕಡಿಮೆ ಹೇಳಿ ನಿಮ್ಮ ಹೊಟ್ಟೆಯ ಮೇಲೆ ಹೊಡೆಯುವುದು ಬೇಡ.