ಸಹಿ ಹಾಕಿಸಿದರೆ ಶೀಲ ಬರುತ್ತದೆಯೇ?

ಅನೇಕ ಕ್ರೈಸ್ತ ವಿಶ್ವವಿದ್ಯಾಲಯಗಳಲ್ಲಿ ಸೇರುವ ದಿನವೇ ಒಂದು ಹಾಳೆ ಮುಂದಿಡುತ್ತಾರೆ. ಕಾಪಿ ಹೊಡೆಯುವುದಿಲ್ಲ, ಸುಳ್ಳು ಹೇಳುವುದಿಲ್ಲ, ಕುಡಿಯುವುದಿಲ್ಲ, ಪ್ರಾರ್ಥನೆ ತಪ್ಪಿಸುವುದಿಲ್ಲ. ಕೆಳಗೆ ಸಹಿ. ವಿದ್ಯಾರ್ಥಿಯ ಶೀಲ ಬೆಳೆಸುವ ಹೊಣೆಯನ್ನು ವಿಶ್ವವಿದ್ಯಾಲಯ ಹೀಗೆ ಹೊತ್ತುಕೊಳ್ಳುವುದು ಸರಿಯೇ? ಅಂಥ ಕಡೆ ಪಾಠ ಹೇಳುವವರೊಬ್ಬರು, ವಿದ್ಯಾರ್ಥಿಗಳ ಪಾಸ್ಟರ್ ಆಗಿದ್ದವರೊಬ್ಬರು ಇಲ್ಲಿ ಬರೆದಿದ್ದಾರೆ.

ಪರ: ರೂಢಿಯಾಗದ ಪ್ರಾಮಾಣಿಕತೆ ಎಲ್ಲಿಂದ ಬರಬೇಕು?

ನಾನು ನರ್ಸಿಂಗ್ ಪಾಠ ಹೇಳುತ್ತೇನೆ. ಎರಡನೇ ವರ್ಷದ ಮಕ್ಕಳನ್ನು ವಾರ್ಡಿಗೆ ಕರೆದುಕೊಂಡು ಹೋದಾಗ ಮೊದಲು ನೋಡುವುದು ಚಾರ್ಟ್. ಒಂದು ದಿನ ಒಂದು ಬೆಡ್‌ನ ಚಾರ್ಟ್‌ನಲ್ಲಿ ಬೆಳಿಗ್ಗೆ 6ಕ್ಕೆ ಬಿಪಿ 120/80. 10ಕ್ಕೆ 120/80. ಮಧ್ಯಾಹ್ನ 2ಕ್ಕೂ 120/80. ಮನುಷ್ಯನ ಬಿಪಿ ಹೀಗೆ ಮೊಳೆ ಹೊಡೆದ ಹಾಗೆ ನಿಲ್ಲುವುದಿಲ್ಲ. ಬರೆದ ಹುಡುಗಿಯನ್ನು ಕರೆದೆ. ಬೈಯಲಿಲ್ಲ. ಬಿಪಿ ನೋಡಲು ತೋಳಿಗೆ ಕಟ್ಟುವ ಕಫ್ ಅವಳ ಕೈಗೆ ಕೊಟ್ಟು, "ಬಾ, ಇಬ್ಬರೂ ಸೇರಿ ನೋಡೋಣ" ಅಂದೆ. 94/60 ಬಂತು. ಹುಡುಗಿಯ ಮುಖ ಬಿಳಿಚಿಕೊಂಡಿತು. ರೋಗಿಗೆ ಆಪರೇಷನ್ ಆಗಿ ಒಂದೇ ದಿನವಾಗಿತ್ತು. ಒಳಗೆ ರಕ್ತ ಸೋರುತ್ತಿದೆಯೇ ಎಂದು ಡಾಕ್ಟರಿಗೆ ಸುಳಿವು ಕೊಡುವುದು ಇಂಥ ಸಂಖ್ಯೆಗಳೇ. ಕೂಡಲೇ ಡಾಕ್ಟರನ್ನು ಕರೆಸಿದೆವು.

ಸುಳ್ಳು ಬರೆಯುವುದು ತಪ್ಪು ಅಂತ ಅವಳಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. ಚಿಕ್ಕಂದಿನಿಂದ ಸಂಡೇ ಸ್ಕೂಲಿಗೆ ಹೋದವಳು. ಹತ್ತು ಆಜ್ಞೆಗಳನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಾಳೆ. ಅವಳಿಗೆ ಇಲ್ಲದೇ ಹೋದದ್ದು ರೂಢಿ. ಸುಸ್ತಾಗಿರುವಾಗ, ರೋಗಿ ಮಲಗಿರುವಾಗ, ಯಾರೂ ನೋಡದಿರುವಾಗಲೂ ಕಫ್ ಕಟ್ಟುವ ರೂಢಿ. ಅದು ಉಪದೇಶದಿಂದ ಬರುವುದಿಲ್ಲ. ಸೂಜಿ ಚುಚ್ಚುವುದನ್ನು ಕೈಗೆ ಕಲಿಸಿದ ಹಾಗೆ ಕಲಿಸಬೇಕು. ಎರಡು ಸಾವಿರ ವರ್ಷಕ್ಕೂ ಹಿಂದೆ ಅರಿಸ್ಟಾಟಲ್ ಹೇಳಿದ್ದೂ ಇದನ್ನೇ: ನ್ಯಾಯದ ಕೆಲಸ ಮಾಡುತ್ತಾ ಮಾಡುತ್ತಾ ಮನುಷ್ಯ ನ್ಯಾಯವಂತನಾಗುತ್ತಾನೆ.

ಶೀಲ ಬೆಳೆಸುವುದು ಮನೆಯ ಕೆಲಸ, ಚರ್ಚಿನ ಕೆಲಸ, ವಿಶ್ವವಿದ್ಯಾಲಯ ವಿಷಯ ಕಲಿಸಿದರೆ ಸಾಕು ಅನ್ನುವವರಿದ್ದಾರೆ. ನನಗೆ ಇದು ಒಪ್ಪಿಗೆಯಾಗುವುದಿಲ್ಲ. ನಾವು ಕಲಿಸದೇ ಬಿಟ್ಟರೂ ಮಕ್ಕಳು ಕಲಿಯುತ್ತಲೇ ಇರುತ್ತಾರೆ. ನಕಲು ಮಾಡಿದ ಲ್ಯಾಬ್ ರೆಕಾರ್ಡಿಗೆ ಕಣ್ಣು ಮುಚ್ಚಿ ಸಹಿ ಹಾಕಿದ ಮೇಷ್ಟ್ರು ಆ ದಿನ ಒಂದು ಪಾಠ ಹೇಳಿಕೊಟ್ಟಿರುತ್ತಾರೆ. ಅದು ನಾಲ್ಕು ವರ್ಷದ ಎಲ್ಲ ಪಾಠಗಳಿಗಿಂತ ಜಾಸ್ತಿ ಕಾಲ ನೆನಪಿನಲ್ಲಿ ಉಳಿಯುತ್ತದೆ.

ಹಾಗಾದರೆ ಸಹಿ ಯಾಕೆ ಬೇಕು? ನಿನ್ನನ್ನು ನಂಬುತ್ತೇವೆ ಅಂತ ಎಲ್ಲರ ಎದುರು ಹೇಳುವುದಕ್ಕೆ. ಅಮೆರಿಕದಲ್ಲಿ ಕ್ವೇಕರರು ಎಂಬ ಕ್ರೈಸ್ತ ಪಂಗಡದವರು 1833ರಲ್ಲಿ ಕಟ್ಟಿದ ಹ್ಯಾವರ್‌ಫರ್ಡ್ ಕಾಲೇಜಿನಲ್ಲಿ ನೂರು ವರ್ಷಕ್ಕೂ ಹಿಂದಿನಿಂದ ಇಂಥ ಪ್ರಾಮಾಣಿಕತೆಯ ಸಂಹಿತೆ ಇದೆ. ಅದನ್ನು ನಡೆಸುವವರು ವಿದ್ಯಾರ್ಥಿಗಳೇ. ಅದು ಮುಂದುವರಿಯಬೇಕೇ ಬೇಡವೇ ಎಂದು ಅವರೇ ಪ್ರತಿ ವರ್ಷ ಸೇರಿ ಮತ ಹಾಕುತ್ತಾರೆ. ಪರೀಕ್ಷೆಗೆ ಕಾವಲು ಇರುವುದಿಲ್ಲ. ಕಾವಲಿಲ್ಲದ ಹಾಲ್‌ನಲ್ಲಿ ನಾನೂ ಒಮ್ಮೆ ಪರೀಕ್ಷೆ ಬರೆದಿದ್ದೇನೆ. ಮೇಡಂ ಪ್ರಶ್ನೆಪತ್ರಿಕೆ ಕೊಟ್ಟು ಬಾಗಿಲು ಎಳೆದುಕೊಂಡು ಹೋದರು. ಮೊದಲ ಹತ್ತು ನಿಮಿಷ ನಮಗೆ ಬರೆಯಲಿಕ್ಕೇ ಆಗಲಿಲ್ಲ. ಎಲ್ಲರೂ ಬಾಗಿಲು ನೋಡುತ್ತಿದ್ದೆವು. ಆಮೇಲೆ ಒಬ್ಬೊಬ್ಬರೇ ತಲೆ ಬಗ್ಗಿಸಿ ಬರೆಯಲು ಶುರು ಮಾಡಿದೆವು. ನನಗೆ ಮೂರನೇ ಪ್ರಶ್ನೆಯ ಉತ್ತರ ಬರುತ್ತಿರಲಿಲ್ಲ. ಪುಸ್ತಕ ಕಾಲ ಬಳಿ ಚೀಲದಲ್ಲೇ ಇತ್ತು. ಅದನ್ನು ತೆರೆಯದೆ ಖಾಲಿ ಬಿಟ್ಟು ಎದ್ದು ಬಂದೆ. ಅವತ್ತು ಕಡಿಮೆ ಅಂಕ ಬಂದರೂ ಬೆನ್ನು ನೆಟ್ಟಗಿತ್ತು.

ಇದು ನನ್ನೊಬ್ಬಳ ಭಾವನೆ ಅಲ್ಲ. ಡೊನಾಲ್ಡ್ ಮೆಕೇಬ್ ಎಂಬ ಸಂಶೋಧಕ 31 ಕಾಲೇಜುಗಳ 6 ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಕೇಳಿ ನೋಡಿದರು. ಇಂಥ ಸಂಹಿತೆ ಇದ್ದ ಕಡೆ ಕಾಪಿ ಕಡಿಮೆ ಇತ್ತು. ಅದಕ್ಕಿಂತ ದೊಡ್ಡ ಸಂಗತಿ ಇನ್ನೊಂದಿದೆ. ವಿದ್ಯಾರ್ಥಿ ಕಾಪಿ ಹೊಡೆಯುತ್ತಾನೋ ಇಲ್ಲವೋ ಎನ್ನುವುದಕ್ಕೆ ಎಲ್ಲಕ್ಕಿಂತ ಹತ್ತಿರದ ನಂಟು ಇದ್ದದ್ದು ಸುತ್ತಲಿನ ಗೆಳೆಯರು ಏನು ಮಾಡುತ್ತಾರೆ ಎನ್ನುವುದಕ್ಕೆ. ಅಂದರೆ ಶೀಲವನ್ನು ಒಬ್ಬೊಬ್ಬರೇ ಬೆಳೆಸಿಕೊಳ್ಳುವುದು ಕಷ್ಟ. ಜೊತೆ ಬೇಕು. ಆ ಜೊತೆಯನ್ನು ಕಟ್ಟಲು ಬೇರೆ ಯಾರಿಗೂ ಇಲ್ಲದ ಅವಕಾಶ ವಿಶ್ವವಿದ್ಯಾಲಯಕ್ಕಿದೆ.

ಕ್ರೈಸ್ತ ವಿಶ್ವವಿದ್ಯಾಲಯದ ಬಳಿ ಇನ್ನೂ ಒಂದಿದೆ. ನಿಯಮ ಮುರಿದವನಿಗೆ ಶಿಕ್ಷೆ ಕೊಡಲು ಯಾವ ಸಂಸ್ಥೆಗಾದರೂ ಬರುತ್ತದೆ. ತಪ್ಪು ಮಾಡಿದವನನ್ನು ಮರಳಿ ಕರೆದುಕೊಳ್ಳುವ ದಾರಿ ನಮ್ಮ ನಂಬಿಕೆಯ ಒಳಗೇ ಇದೆ. ಸುಂಕ ವಸೂಲಿ ಮಾಡುತ್ತಿದ್ದ ಜಕ್ಕಾಯನ ಮನೆಗೆ ಯೇಸು ತಾನಾಗಿಯೇ ಹೋದ. ಜಕ್ಕಾಯ ಎದ್ದು ನಿಂತು, ಅನ್ಯಾಯವಾಗಿ ತೆಗೆದುಕೊಂಡದ್ದನ್ನು ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಅಂದ. ಕ್ಷಮೆ, ಪರಿಹಾರ ಎರಡೂ ಒಂದೇ ಮನೆಯಲ್ಲಿ ನಡೆದವು. ನನ್ನ ವಿದ್ಯಾರ್ಥಿನಿಗೂ ನಾವು ಹಾಗೇ ಮಾಡಿದೆವು. ಅವಳು ರೋಗಿಯ ಮನೆಯವರ ಬಳಿ ನಿಜ ಹೇಳಿದಳು. ಒಂದು ತಿಂಗಳು ಹಿರಿಯ ನರ್ಸ್ ಪಕ್ಕದಲ್ಲಿ ನಿಂತು ಕೆಲಸ ಮಾಡಿದಳು.

ಉಡುಪು, ಕೂದಲು, ರಾತ್ರಿ ಎಷ್ಟು ಹೊತ್ತಿಗೆ ದೀಪ ಆರಿಸಬೇಕು, ಇವನ್ನೆಲ್ಲ ಸತ್ಯದ ಪಕ್ಕದಲ್ಲೇ ಸಮ ಸಮ ಬರೆಯುವ ಹಾಳೆ ನನಗೂ ಇಷ್ಟವಿಲ್ಲ. ಅವನ್ನು ಅಳಿಸಿ. ಆದರೆ ಹಾಳೆಯನ್ನೇ ಹರಿಯಬೇಡಿ.

ಆ ವರ್ಷದ ಕೊನೆಗೆ ಅದೇ ಹುಡುಗಿಯ ಇನ್ನೊಂದು ಚಾರ್ಟ್ ಕೈಗೆ ಬಂತು. ರಾತ್ರಿ 2ರ ಜಾಗದಲ್ಲಿ ಸಂಖ್ಯೆ ಇರಲಿಲ್ಲ. "ಬೇರೆ ಬೆಡ್‌ನಲ್ಲಿ ತುರ್ತು ಕೆಲಸವಿತ್ತು, ನೋಡಲಾಗಲಿಲ್ಲ" ಎಂದು ಬರೆದು ಸಹಿ ಮಾಡಿದ್ದಳು.

ವಿರೋಧ: ಹೆದರಿಕೆ ಇರುವ ಕಡೆ ನಿಜ ಬಾಯಿಗೆ ಬರುವುದಿಲ್ಲ

ಏಳು ವರ್ಷ ನಾನು ಒಂದು ಕ್ರೈಸ್ತ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳ ಪಾಸ್ಟರ್ ಆಗಿದ್ದೆ. ಪ್ರಾರ್ಥನೆಗೆ ಹಾಜರಾತಿ ಕಡ್ಡಾಯ. ಬಾಗಿಲಲ್ಲಿ ಕಾರ್ಡ್ ಉಜ್ಜಬೇಕು. ಒಂದು ದಿನ ಒಬ್ಬ ಹುಡುಗ ಐದು ಕಾರ್ಡ್ ಉಜ್ಜಿ ಒಳಗೆ ಬಂದ. ಉಳಿದ ನಾಲ್ವರು ಹಾಸ್ಟೆಲ್‌ನಲ್ಲಿ ಮಲಗಿದ್ದರು. ಅವನು ಬಂದು ಮುಂದಿನ ಬೆಂಚಿನಲ್ಲೇ ಕೂತು ಕಣ್ಣು ಮುಚ್ಚಿ ಹಾಡಿದ. ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ದೇವರ ಮನೆಯ ಬಾಗಿಲಲ್ಲೇ ಸುಳ್ಳು ಹೇಳುವುದನ್ನು ಅವನಿಗೆ ಕಲಿಸಿದವರು ನಾವೇ ಅಲ್ವಾ ಅನ್ನಿಸಿ ಹೊಟ್ಟೆ ತೊಳಸಿತು. ಹಾರ್ವರ್ಡ್ 1886ರಲ್ಲಿ, ಯೇಲ್ 1926ರಲ್ಲಿ ಕಡ್ಡಾಯ ಪ್ರಾರ್ಥನೆ ಕೈಬಿಟ್ಟವು. ನಂಬಿಕೆ ತೆಳುವಾಗಿದ್ದಕ್ಕೆ ಹೀಗಾಯಿತು ಅನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಯಾರೂ ಕರೆಯದೆ ತಾನಾಗಿ ಬಂದು ಮಂಡಿಯೂರಿದವನ ಪ್ರಾರ್ಥನೆಯನ್ನು ನಾನು ಕೇಳಿದ್ದೇನೆ. ಅದರ ದನಿಯೇ ಬೇರೆ.

ಮೇಲಿನ ಬರಹದ ಮೇಡಂ ಮಾಡಿದ್ದನ್ನು ನಾನು ತುಂಬಾ ಗೌರವಿಸುತ್ತೇನೆ. ಆದರೆ ಗಮನಿಸಿ. ಆ ಹುಡುಗಿಯನ್ನು ತಿದ್ದಿದ್ದು ಹಾಳೆಯ ಮೇಲಿನ ಸಹಿಯಲ್ಲ. ಸಹಿ ಅವಳೂ ಹಾಕಿಯೇ ಇದ್ದಳು. ಅದು ಅವಳನ್ನು ತಡೆಯಲಿಲ್ಲ. ತಿದ್ದಿದ್ದು ಪಕ್ಕದಲ್ಲಿ ನಿಂತ ಒಬ್ಬ ಒಳ್ಳೆಯ ಟೀಚರ್. ಬೇರೆ ಟೀಚರ್ ಆಗಿದ್ದರೆ ನಿಯಮದ ಪ್ರಕಾರ ಶಿಸ್ತು ಸಮಿತಿಗೆ ಪತ್ರ ಹೋಗುತ್ತಿತ್ತು. ಅವಳ ಜೊತೆಯವರು ಕಲಿಯುತ್ತಿದ್ದದ್ದು ಏನು? ಮುಂದಿನ ಸಲ 120/80 ಬದಲು 118/76, 122/82 ಎಂದು ಬದಲಿಸಿ ಬರೆಯುವುದನ್ನು.

ಕ್ವೇಕರರ ಮಾತು ಬಂತಲ್ಲ, ಅವರು ನ್ಯಾಯಾಲಯದಲ್ಲೂ ಆಣೆ ಮಾಡಲು ಒಪ್ಪದ ಜನ. ಅದಕ್ಕಾಗಿ ಇಂಗ್ಲೆಂಡಿನಲ್ಲಿ ಜೈಲಿಗೂ ಹೋದರು. ಆಣೆ ಮಾಡಿದಾಗ ಮಾತ್ರ ನಿಜ ಹೇಳುತ್ತೇನೆ ಅಂದರೆ ಉಳಿದ ಹೊತ್ತು ಸುಳ್ಳು ಹೇಳಬಹುದು ಅಂತಲ್ಲವೇ ಎನ್ನುವುದು ಅವರ ವಾದ. ಮತ್ತಾಯನ ಸುವಾರ್ತೆಯ 5ನೇ ಅಧ್ಯಾಯದಲ್ಲಿ ಯೇಸು ಹೇಳುವುದೂ ಅಷ್ಟೇ: ಆಣೆಯೇ ಬೇಡ, ನಿಮ್ಮ ಹೌದು ಹೌದಾಗಿರಲಿ, ಅಲ್ಲ ಅಲ್ಲವಾಗಿರಲಿ. ಹದಿನೆಂಟು ವರ್ಷದ ಮಗುವಿನ ಕೈಲಿ ಸೇರುವ ದಿನವೇ ಪ್ರತಿಜ್ಞೆ ಬರೆಸಿಕೊಳ್ಳುವಾಗ ನಾವು ಈ ಮಾತನ್ನು ಎಲ್ಲಿಡುತ್ತೇವೆ?

ಒಳ್ಳೆಯದನ್ನು ಓದಿದ ಮಾತ್ರಕ್ಕೆ ಮನುಷ್ಯ ಒಳ್ಳೆಯವನಾಗುವುದಿಲ್ಲ ಅನ್ನುವುದಕ್ಕೆ ನಮ್ಮ ಅಂಗಳದಲ್ಲೇ ನಡೆದ ಪ್ರಯೋಗವಿದೆ. ಜಾನ್ ಡಾರ್ಲಿ, ಡೇನಿಯಲ್ ಬ್ಯಾಟ್ಸನ್ ಎಂಬ ಇಬ್ಬರು ಮನಃಶಾಸ್ತ್ರಜ್ಞರು 1973ರಲ್ಲಿ ಪ್ರಕಟಿಸಿದ್ದು. ಪ್ರಿನ್ಸ್‌ಟನ್‌ನ ದೇವತಾಶಾಸ್ತ್ರ ಶಾಲೆಯ 40 ವಿದ್ಯಾರ್ಥಿಗಳನ್ನು, ಮುಂದೆ ಪಾಸ್ಟರ್ ಆಗುವವರನ್ನು, ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹೋಗಿ ಮಾತಾಡಲು ಹೇಳಿದರು. ಕೆಲವರಿಗೆ ಕೊಟ್ಟ ವಿಷಯ ಒಳ್ಳೆಯ ಸಮಾರ್ಯದವನ ಸಾಮ್ಯ, ಅಂದರೆ ದಾರಿಯಲ್ಲಿ ಗಾಯಗೊಂಡು ಬಿದ್ದ ಅಪರಿಚಿತನಿಗೆ ನೆರವಾದವನ ಬೈಬಲ್ ಕಥೆ. ದಾರಿಯಲ್ಲಿ ಒಬ್ಬ ಮನುಷ್ಯ ಕುಸಿದು ಕೂತು ಕೆಮ್ಮುತ್ತಾ ನರಳುತ್ತಿದ್ದ. ಸಮಯವಿದೆ ಅಂದುಕೊಂಡವರಲ್ಲಿ 63% ಮಂದಿ ನೆರವಾದರು. ತಡವಾಗಿದೆ, ಬೇಗ ಹೋಗು ಅಂತ ಹೇಳಿಸಿಕೊಂಡವರಲ್ಲಿ 10% ಮಾತ್ರ. ಸಮಾರ್ಯದವನ ಬಗ್ಗೆಯೇ ಮಾತಾಡಲು ಹೊರಟಿದ್ದರೂ ಹೇಳಿಕೊಳ್ಳುವಂಥ ವ್ಯತ್ಯಾಸವಾಗಲಿಲ್ಲ. ಕೆಲವರಂತೂ ಆ ಮನುಷ್ಯನನ್ನು ದಾಟಿಕೊಂಡೇ ಹೋದರು.

ಇದನ್ನು ನೆನೆದಾಗೆಲ್ಲ ನನಗೆ ನಮ್ಮ ವೇಳಾಪಟ್ಟಿ ನೆನಪಾಗುತ್ತದೆ. ಬೆಳಿಗ್ಗೆ ಪ್ರಾರ್ಥನೆ, ಏಳು ಕ್ಲಾಸು, ಮೂರು ಅಸೈನ್‌ಮೆಂಟು, ಸಂಜೆ ಸೇವಾ ಗಂಟೆ. ಮಕ್ಕಳಿಗೆ ನಿಂತು ಪಕ್ಕದವನ ಮುಖ ನೋಡಲು ಪುರುಸೊತ್ತು ಕೊಡದೆ ಕರುಣೆಯ ಮೇಲೆ ಮಾತ್ರ ಪಾಠ ಹೇಳುತ್ತೇವೆ.

ಇನ್ನು ನೋವಿನ ವಿಷಯ. ನಡತೆಯ ಹಾಳೆ ಯಾರ ಕೈಯಲ್ಲಿರುತ್ತದೋ ಅವರ ಪೂರ್ವಗ್ರಹವೂ ಅದರೊಳಗೆ ಹೋಗಿ ಕೂರುತ್ತದೆ. ಅಮೆರಿಕದ ಬಾಬ್ ಜೋನ್ಸ್ ವಿಶ್ವವಿದ್ಯಾಲಯ ಬೇರೆ ಬೇರೆ ಜನಾಂಗದ ಹುಡುಗ ಹುಡುಗಿ ಪ್ರೀತಿಸುವುದನ್ನೇ ನಿಷೇಧಿಸಿತ್ತು. ಅದಕ್ಕೂ ಬೈಬಲ್ಲನ್ನೇ ತೋರಿಸುತ್ತಿದ್ದರು. ತೆರಿಗೆ ವಿನಾಯಿತಿ ಹೋಯಿತು. 1983ರಲ್ಲಿ ಸುಪ್ರೀಂ ಕೋರ್ಟಿನಲ್ಲೂ ಸೋತರು. ಆದರೂ ಆ ನಿಯಮ ಹೋದದ್ದು 2000ದಲ್ಲಿ. ಅಷ್ಟು ವರ್ಷ ಅನ್ಯಾಯವನ್ನೇ ಶೀಲ ಎಂದು ಕಲಿಸಿದ ಹಾಗಾಯಿತಲ್ಲ!

ಅಮೆರಿಕದಲ್ಲಿ ಮಾರ್ಮನ್ ಪಂಗಡ ನಡೆಸುವ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದಲ್ಲಿ 2016ರಲ್ಲಿ ಕೆಲವು ಹೆಣ್ಣುಮಕ್ಕಳು ಬಾಯಿ ಬಿಟ್ಟರು. ಲೈಂಗಿಕ ದೌರ್ಜನ್ಯವಾಯಿತು ಎಂದು ದೂರು ಕೊಟ್ಟರೆ, ನೀನು ಆ ಹೊತ್ತಿನಲ್ಲಿ ಅಲ್ಲಿ ಯಾಕಿದ್ದೆ, ಕುಡಿದಿದ್ದೆಯಾ ಎಂದು ತಮ್ಮ ಮೇಲೆಯೇ ಸಂಹಿತೆಯ ವಿಚಾರಣೆ ನಡೆಯಿತು ಅಂದರು. ಆಮೇಲೆ ವಿಶ್ವವಿದ್ಯಾಲಯ ತನ್ನ ರೀತಿ ಬದಲಿಸಿ, ದೂರು ಕೊಟ್ಟವರ ಮೇಲೆ ಸಂಹಿತೆಯ ಕ್ರಮ ಇಲ್ಲ ಎಂದು ಹೇಳಿತು. 2024ರಲ್ಲಿ ಇನ್ನೊಂದು ಕ್ರೈಸ್ತ ಸಂಸ್ಥೆಯಾದ ಲಿಬರ್ಟಿ ವಿಶ್ವವಿದ್ಯಾಲಯಕ್ಕೆ ಅಮೆರಿಕದ ಶಿಕ್ಷಣ ಇಲಾಖೆ 1 ಕೋಟಿ 40 ಲಕ್ಷ ಡಾಲರ್ ದಂಡ ಹಾಕಿತು. ಆವರಣದಲ್ಲಿ ನಡೆದ ಅಪರಾಧಗಳನ್ನು ಕಾನೂನು ಕೇಳುವಂತೆ ವರದಿ ಮಾಡದಿದ್ದಕ್ಕೆ. ನಡತೆ ಸಂಹಿತೆಯ ಶಿಕ್ಷೆಗೆ ಹೆದರಿ ನೊಂದವರು ದೂರು ಕೊಡಲು ಹಿಂಜರಿದ ಸಂಗತಿ ಅಲ್ಲೂ ಹೊರಬಂತು. ಇಂಥ ಕಡೆ ಕಾಪಾಡಬೇಕಾದ ಹಾಳೆಯೇ ಬಾಯಿ ಮುಚ್ಚಿಸುತ್ತದೆ.

ಹಾಗಾದರೆ ಸುಮ್ನೆ ಕೈಕಟ್ಟಿ ಕೂರಬೇಕಾ ಅಂತ ಕೇಳುತ್ತೀರಿ. ಇಲ್ಲ. ವಿಶ್ವವಿದ್ಯಾಲಯ ಮೊದಲು ತಾನು ಪ್ರಾಮಾಣಿಕವಾಗಿರಲಿ. ಪ್ರವೇಶದ ಜಾಹೀರಾತಿನಲ್ಲಿ ಉಬ್ಬಿಸಿ ಬರೆಯದಿರಲಿ. ಅಡುಗೆಯವರಿಗೆ, ಕಾವಲಿನವರಿಗೆ ಹೊತ್ತಿಗೆ ಸರಿಯಾಗಿ ಸಂಬಳ ಕೊಡಲಿ. ತಪ್ಪಾದಾಗ ವಿದ್ಯಾರ್ಥಿಗಳ ಎದುರು ತಪ್ಪಾಯಿತು ಅನ್ನಲಿ. ಮಕ್ಕಳು ಎಲ್ಲವನ್ನೂ ನೋಡುತ್ತಿರುತ್ತಾರೆ. ಕಾಪಿಗೆ ಒಂದು ನೇರ ನಿಯಮ ಇರಲಿ, ಅದು ಎಲ್ಲ ಕಡೆ ಇರುವಂಥದ್ದೇ. ಆದರೆ ಮನಸ್ಸಿನೊಳಗಿನ ಕೆಲಸವನ್ನು ಶಿಸ್ತು ಸಮಿತಿಯ ಕೈಗೆ ಕೊಡಬೇಡಿ.

ಒಂದು ರಾತ್ರಿ ಮೂರನೇ ವರ್ಷದ ಹುಡುಗನೊಬ್ಬ ನನ್ನ ಬಾಗಿಲು ತಟ್ಟಿದ. ಒಳಗೆ ಬಂದ, ಕೂರಲಿಲ್ಲ. ಕುರ್ಚಿಯ ಬೆನ್ನು ಹಿಡಿದು ನಿಂತೇ ಕೇಳಿದ, "ಪಾಸ್ಟರ್, ನಾನು ಹೇಳೋದು ಆಫೀಸಿಗೆ ಹೋಗುತ್ತಾ?" ಸಂಹಿತೆಯ ಪ್ರಕಾರ ಉಲ್ಲಂಘನೆ ಗೊತ್ತಾದರೆ ನಾನೂ ತಿಳಿಸಬೇಕಿತ್ತು. ಅವನಿಗೆ ಸುಳ್ಳು ಹೇಳಲು ನನಗೆ ಮನಸ್ಸು ಬರಲಿಲ್ಲ. "ಕೆಲವು ವಿಷಯ ಹೋಗುತ್ತೆ ಕಣಪ್ಪಾ" ಅಂದೆ. ಅವನು ಸ್ವಲ್ಪ ಹೊತ್ತು ನಿಂತ. "ಹಾಗಾದ್ರೆ ಏನಿಲ್ಲ ಪಾಸ್ಟರ್, ಸುಮ್ನೆ ಬಂದೆ" ಅಂತ ಬಾಗಿಲು ಎಳೆದುಕೊಂಡು ಹೋದ. ಅವನು ಹೇಳಲು ಬಂದದ್ದು ಏನು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.