ಯಲಹಂಕಕ್ಕೆ ಮತ್ತೆ ತನ್ನದೇ ನಗರಸಭೆ ಬೇಕೇ?

ಪರ

1537ರಲ್ಲಿ ಬೆಂಗಳೂರಿನ ಮಣ್ಣಿನ ಕೋಟೆ ಕಟ್ಟಿಸಿದ ಒಂದನೇ ಕೆಂಪೇಗೌಡರನ್ನು ಇತಿಹಾಸ ಯಲಹಂಕ ನಾಡಪ್ರಭುವೆಂದೇ ಕರೆಯುತ್ತದೆ. ಅದಕ್ಕೂ ಶತಮಾನಗಳ ಹಿಂದೆ ಚೋಳರ ಶಾಸನಗಳು ಈ ಸೀಮೆಯನ್ನು ಇಲೈಪಾಕ್ಕ ನಾಡು ಎಂದು ಹೆಸರಿಸಿವೆ. ರಾಜಧಾನಿಗೆ ತವರಾದ ಇಂಥ ಊರು ಇಂದು ತನ್ನ ಬೀದಿದೀಪದ ವಿಷಯವನ್ನೂ ತಾನೇ ತೀರ್ಮಾನಿಸಲಾರದ ಸ್ಥಿತಿಯಲ್ಲಿದೆ.

2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾದಾಗ ಯಲಹಂಕವೂ ಸೇರಿ ಏಳು ನಗರಸಭೆಗಳು, ಕೆಂಗೇರಿ ಪುರಸಭೆ ಮತ್ತು ನೂರಕ್ಕೂ ಹೆಚ್ಚು ಹಳ್ಳಿಗಳು ಅದರಲ್ಲಿ ಕರಗಿಹೋದವು. ಅಲ್ಲಿಯವರೆಗೆ ಊರಿನ ಬಜೆಟ್ಟು ಊರಿನಲ್ಲೇ ಮಂಡನೆಯಾಗುತ್ತಿತ್ತು, ಸದಸ್ಯರ ಮನೆ ಯಾವ ಬೀದಿಯಲ್ಲಿದೆ ಎಂಬುದು ಜನರಿಗೆ ಗೊತ್ತಿರುತ್ತಿತ್ತು. ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲಂತೂ, ಐದು ವರ್ಷ ಕಳೆದು ಪಾಲಿಕೆಯೇ ಐದು ಹೋಳಾಗುವವರೆಗೆ ಚುನಾವಣೆ ನಡೆಯಲಿಲ್ಲ. ಅವಧಿ ಮುಗಿಯುವ ಮುನ್ನವೇ ಚುನಾವಣೆ ಆಗಬೇಕೆಂದು ಸಂವಿಧಾನದ 243ಯು ವಿಧಿ ಹೇಳುತ್ತಿದ್ದರೂ ಇದು ನಡೆದುಹೋಯಿತು.

2025ರ ಸೆಪ್ಟೆಂಬರ್‌ನಲ್ಲಿ ರಚನೆಯಾದ ಬೆಂಗಳೂರು ಉತ್ತರ ಪಾಲಿಕೆಗೆ ನಾವು ಸೇರಿದ್ದೇವೆ. ಹೆಸರು ಬದಲಾಯಿತು, ಆದರೆ ಊರಿನ ಸ್ವಭಾವ ಅರಿತು ಆಳುವವರು ಬಂದಂತಾಗಲಿಲ್ಲ. ವೇಣುಗೋಪಾಲಸ್ವಾಮಿ ದೇವಸ್ಥಾನವಿರುವ ಹಳೆ ಪಟ್ಟಣದಲ್ಲಿ ಓಣಿಗಳು ಕಿರಿದು, ಚರಂಡಿಗಳು ಹಳೆಯವು. ಗೃಹಮಂಡಳಿ ಕಟ್ಟಿದ ಉಪನಗರದಲ್ಲಿ ಅಳೆದು ಹಾಕಿದ ನೇರ ರಸ್ತೆಗಳು. ಆಚೆ ಪುಟ್ಟೇನಹಳ್ಳಿ ಕೆರೆಗೆ 2015ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲಿನ ಮಾನ್ಯತೆ ಸಿಕ್ಕಿದೆ. ಅದಕ್ಕೆ ಕೊಳಚೆ ಸೇರದಂತೆ ಕಾಯುವುದು ಕೆರೆ ಏರಿಯ ಮೇಲೆ ದಿನಾ ಬೆಳಿಗ್ಗೆ ನಡೆಯುವವರಿಗೆ ಉತ್ತರ ಹೇಳಬೇಕಾದವರಿಂದ ಮಾತ್ರ ಆಗುವ ಕೆಲಸ. ಈ ಮೂರಕ್ಕೂ ಒಂದೇ ಟೆಂಡರು, ಒಂದೇ ನಿಯಮ ಹೊಂದುವುದಿಲ್ಲ. ಊರಿನವರೇ ಆರಿಸಿದ ನಗರಸಭೆಯೊಂದು ಯಲಹಂಕಕ್ಕೆ ಮರಳಿ ಬರಲೇಬೇಕು.

ವಿರೋಧ

ಊರಿನ ಮೇಲಿನ ಅಭಿಮಾನ ನನಗೂ ಇದೆ, ಆದರೆ ಅಭಿಮಾನದಿಂದ ನಲ್ಲಿಯಲ್ಲಿ ನೀರು ಬರುವುದಿಲ್ಲ. ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಹೊರಟು, ಹಾರೋಹಳ್ಳಿ ಮತ್ತು ತಾತಗುಣಿಯಲ್ಲಿ ಮತ್ತೆ ಮತ್ತೆ ಪಂಪಾಗಿ ಮೇಲೇರಿ ಬೆಂಗಳೂರು ಸೇರುತ್ತದೆ. ಅಂಥ ಯೋಜನೆಯಲ್ಲಿ ಒಂದು ನಗರಸಭೆಯ ಮಾತಿಗೆ ಎಷ್ಟು ತೂಕ ಸಿಕ್ಕೀತು?

ಹಣದ ಲೆಕ್ಕ ಇನ್ನೂ ಕಷ್ಟದ್ದು. ಯಲಹಂಕದ ಹೆಸರು ಹೊತ್ತ ದೊಡ್ಡ ಗುರುತುಗಳೆಂದರೆ 1996ರಿಂದ ಏರೋ ಇಂಡಿಯಾ ನಡೆಯುವ ವಾಯುನೆಲೆ ಮತ್ತು ರೈಲು ಗಾಲಿ ಕಾರ್ಖಾನೆ. ಎರಡೂ ಕೇಂದ್ರ ಸರ್ಕಾರದ ಆಸ್ತಿ. ಸಂವಿಧಾನದ 285ನೇ ವಿಧಿಯ ಪ್ರಕಾರ ಅಂಥ ಆಸ್ತಿಯ ಮೇಲೆ ಸ್ಥಳೀಯ ಸಂಸ್ಥೆ ತೆರಿಗೆ ಹಾಕುವಂತಿಲ್ಲ. ಒಪ್ಪಂದವಾದರೆ ಸೇವಾ ಶುಲ್ಕವಷ್ಟೇ ಸಿಗುತ್ತದೆ. ನಮ್ಮ ಹೆದ್ದಾರಿಯಲ್ಲೇ ಜನ ಹಾದುಹೋಗುವ ವಿಮಾನ ನಿಲ್ದಾಣವಿರುವುದು ದೇವನಹಳ್ಳಿಯ ಸೀಮೆಯಲ್ಲಿ. ಹೀಗಿರುವಾಗ ಪ್ರತ್ಯೇಕ ನಗರಸಭೆಯ ಭಾರವೆಲ್ಲ ಸಾಮಾನ್ಯ ಮನೆಗಳ ಕಂದಾಯದ ಮೇಲೆ ಬೀಳುತ್ತದೆ.

ಸಣ್ಣ ಸಂಸ್ಥೆಯಾದರೆ ಜನಪ್ರತಿನಿಧಿಗಳು ಸದಾ ಇರುತ್ತಾರೆಂಬುದೂ ನಿಜವಲ್ಲ. 2018ರಲ್ಲಿ ಚುನಾವಣೆ ನಡೆದ ರಾಜ್ಯದ ಎಷ್ಟೋ ನಗರಸಭೆ, ಪುರಸಭೆಗಳಲ್ಲಿ ಅಧ್ಯಕ್ಷ ಸ್ಥಾನದ ಮೀಸಲಾತಿ ಕೋರ್ಟು ಮೆಟ್ಟಿಲೇರಿದ್ದರಿಂದ ಗೆದ್ದ ಸದಸ್ಯರು 2020ರವರೆಗೂ ಅಧಿಕಾರವಿಲ್ಲದೆ ಕುಳಿತಿದ್ದರು. ಚುನಾವಣೆ ಮುಂದೂಡಿದ್ದು ಅನ್ಯಾಯವೇ. ಅದಕ್ಕೆ ಪರಿಹಾರ ಚುನಾವಣೆ ನಡೆಸುವುದು, ಗಡಿ ಹೊಸದಾಗಿ ಎಳೆಯುವುದಲ್ಲ.

2021ರ ನವೆಂಬರ್‌ನ ಮಳೆಯನ್ನು ನೆನೆಯಿರಿ. ಯಲಹಂಕ ಕೆರೆ ಕೋಡಿ ಬಿದ್ದು ಕೇಂದ್ರೀಯ ವಿಹಾರ್ ವಸತಿ ಸಮುಚ್ಚಯಕ್ಕೆ ನೀರು ನುಗ್ಗಿತು, ನಿವಾಸಿಗಳನ್ನು ದೋಣಿಗಳಲ್ಲಿ ಹೊರತರಬೇಕಾಯಿತು. 2024ರ ಅಕ್ಟೋಬರ್‌ನಲ್ಲಿ ಅದೇ ಸಮುಚ್ಚಯ ಮತ್ತೆ ಜಲಾವೃತವಾಯಿತು. ಆ ಕೆರೆಯ ನೀರು ರಾಜಕಾಲುವೆ ಹಿಡಿದು ಜಕ್ಕೂರು ಕೆರೆಗೆ, ಅಲ್ಲಿಂದ ರಾಚೇನಹಳ್ಳಿಗೆ ಇಳಿಯುತ್ತದೆ. ಕೆಳಗಿನ ಊರಿನವರು ಕಾಲುವೆ ಒತ್ತುವರಿ ತೆರವು ಮಾಡದಿದ್ದರೆ ಮೇಲಿನ ನಗರಸಭೆ ತನ್ನ ಗಡಿಯೊಳಗೆ ಎಷ್ಟು ಹೂಳೆತ್ತಿದರೂ ನೀರು ಹಿಂದಕ್ಕೆ ಒತ್ತಿ ಮನೆಗಳಿಗೇ ನುಗ್ಗುತ್ತದೆ. ಮೂರು ಕೆರೆಗಳ ಕಾಲುವೆಯನ್ನೂ ಒಂದೇ ಕಚೇರಿ ನೋಡಿಕೊಳ್ಳಲಿ, ಆ ಕಚೇರಿಯನ್ನು ಪ್ರಶ್ನಿಸುವ ಅಧಿಕಾರ ನಮ್ಮ ವಾರ್ಡ್ ಸಮಿತಿಗೆ ಇರಲಿ.